ಉಸ್ತಾದರು ಅದ್ದದ ಬೆರಳು

ಮೈಬೂಬ ಉಸ್ತಾದರ ಮುಖ ಹಂಚಿನ ಮೇಲೆ ಸ್ವಲ್ಪ ಹೆಚ್ಚೇ ಸುಟ್ಟ ಜೋಳದ ರೊಟ್ಟಿಯಂತಿತ್ತು. ಆ ರೊಟ್ಟಿಯ ಮೇಲೆ ಕಣ್ಣಿನ ಸುತ್ತ ಮಾತ್ರ ಎರಡು ಬೆಳ್ಳನೆಯ ಬಿಲ್ಲೆ. ವರ್ಷಗಟ್ಟಲೆ ಬಿಸಿಲು, ಧೂಳು, ಗಾಳಿಯಲ್ಲಿ ಚಾವಣಿಯಿಲ್ಲದ ರೇಸಿನ ಮೋಟಾರು ಓಡಿಸಿದವರು; ಕಣ್ಣಿಗೆ ಕಟ್ಟುತ್ತಿದ್ದ ದೊಡ್ಡ ಚಷ್ಮಾ ಅಷ್ಟು ಜಾಗವನ್ನು ಮಾತ್ರ ಕಾಪಾಡಿತ್ತು. ಆಳಂದದ ಪಡ್ಡೆಗಳು ಹಿಂದಿನಿಂದ ಅವರನ್ನು ಗೂಗಿ ಉಸ್ತಾದ, ಅಂದರೆ ಗೂಬೆ ಉಸ್ತಾದ, ಅನ್ನುತ್ತಿದ್ದರು. ಆ ಹೆಸರು ಇಟ್ಟವನು ನಾನೇ. ನನ್ನ ತಪ್ಪುಗಳನ್ನು ಹೇಳಲು ಕೂತ ಮೇಲೆ ಅಲ್ಲಿಂದ ಶುರು ಮಾಡುವುದೇ ಸುಖ. ಮುಂದೆ ಬರುವುದರ ಎದುರು ಅದು ಸಾಸಿವೆ ಕಾಳು.

ನಾನು ಶರಣಪ್ಪ, ಗಾಣಿಗರ ಮನೆಯವನು. ಪೇಟೆಯ ಹಿಂದೆ ನಮ್ಮ ಕಟ್ಟಿಗೆಯ ಗಾಣವಿದೆ. ಸುತ್ತಿ ಸುತ್ತಿ ತಲೆ ತಿರುಗಬಾರದೆಂದು ಗಾಣದ ಎತ್ತಿಗೆ ಕಣ್ಣಿಗೆ ಬಟ್ಟೆ ಕಟ್ಟುತ್ತೇವೆ. ನನಗೆ ಆಗ ಇಪ್ಪತ್ತೆರಡು ವರ್ಷ. ಬಟ್ಟೆ ಕಟ್ಟದೆಯೂ ಏನೂ ಕಾಣುತ್ತಿರಲಿಲ್ಲ.

ಉಸ್ತಾದರು ಜೇವರ್ಗಿ ಕಡೆಯ ಒಬ್ಬ ಜಾಗೀರದಾರರ ಲಾಯದಲ್ಲಿ ಕುದುರೆ ತಿಕ್ಕುತ್ತ ಬೆಳೆದವರು. ಜಾಗೀರದಾರರಿಗೆ ಕುದುರೆಯ ಶೋಕಿ ಇಳಿದು ಮೋಟಾರಿನ ಶೋಕಿ ಏರಿದಾಗ ಲಾಯದಿಂದ ಕುದುರೆಗಳು ಹೋದವು, ಮೈಬೂಬ ಉಳಿದರು. ಅವರನ್ನು ಮುಂಬಯಿಗೆ ಕಳಿಸಿ ಒಬ್ಬ ಗೋರಾ ಮಿಸ್ತ್ರಿಯ ಕೈಕೆಳಗೆ ಎರಡು ವರ್ಷ ಇಟ್ಟರು. ಆಮೇಲೆ ಮುಂಬಯಿಯ ಸಮುದ್ರದ ಮರಳಿನಲ್ಲಾಗಲಿ, ಪುಣೆಯ ಬಯಲಿನಲ್ಲಾಗಲಿ, ಎಲ್ಲಿ ರೇಸಿದ್ದರೂ ಜಾಗೀರದಾರರ ಕಾರಿನಲ್ಲಿ ಉಸ್ತಾದರು. ಎರಡು ಸೀಟಿನ ಕಾರು. ಕೆಲವು ರೇಸಿಗೆ ಇದ್ದ ಹಾಗೇ ಓಡುತ್ತಿತ್ತು. ಕೆಲವಕ್ಕೆ ದೀಪ, ಮಡಗಾರ್ಡು ಎಲ್ಲ ಬಿಚ್ಚಿ ಗಾಲಿಗಳನ್ನು ಬತ್ತಲೆ ಮಾಡಬೇಕಿತ್ತು.

"ಲಗ್ನಕ್ಕ ಹೋಗೋವಾಗ ಶೇರವಾನಿ, ಕುಸ್ತಿಗಿ ಹೋಗೋವಾಗ ಲಂಗೋಟಿ. ಮೋಟಾರಿಂದು ಭೀ ಹಂಗೇ ಬೇಟಾ," ಅನ್ನುತ್ತಿದ್ದರು.

ಗೆದ್ದ ಕಪ್ಪುಗಳೆಲ್ಲ ಜಾಗೀರದಾರರ ದಿವಾನಖಾನೆಯಲ್ಲಿದ್ದವು. ಉಸ್ತಾದರ ಪಾಲಿಗೆ ಬಂದದ್ದು ಭುಜದ ಮೇಲಕ್ಕೆ ಏಳದ ಎಡಗೈ ಒಂದೇ. ಪುಣೆಯ ಒಂದು ತಿರುವಿನಲ್ಲಿ ಕಾರು ಮಗುಚಿ ಮುರಿದದ್ದು. ಆಮೇಲೆ ದೊಡ್ಡ ಯುದ್ಧ ಬಂತು, ಪೆಟ್ರೋಲಿಗೆ ಚೀಟಿ ಬಂತು, ರೇಸು ನಿಂತವು. "ಲಡಾಯಿ ಮಾಡಿದವ್ರು ಬ್ಯಾರೆ, ಜವಾನಿ ಹೋದದ್ದು ನಂದು," ಎಂದು ನಕ್ಕು, ಹೆಂಡತಿಯ ತವರಾದ ಆಳಂದಕ್ಕೆ ಬಂದು ಅಫಜಲಪುರದ ಬಸ್ಸು ಓಡಿಸತೊಡಗಿದರು.

ಅವರ ಬಸ್ಸಿನಷ್ಟು ನಿಧಾನದ ಬಸ್ಸು ಇಡೀ ನಿಜಾಮ ರಾಜ್ಯದಲ್ಲಿ ಇರಲಿಲ್ಲ. ಒಮ್ಮೆ ಕಿಣ್ಣಿ ಸುಲ್ತಾನದಿಂದ ಹೊರಟು ಬರುವಾಗ ಒಂದು ಎಮ್ಮೆ ನಮ್ಮನ್ನು ದಾಟಿ ಮುಂದೆ ಹೋಯಿತು. ಆಣೆ ಮಾಡಿ ಹೇಳುತ್ತೇನೆ, ಓಡುತ್ತಿರಲಿಲ್ಲ, ಮೇಯುತ್ತ ಹೋಗುತ್ತಿತ್ತು. ತೊಗರಿ ಚೀಲದ ಮೇಲೆ ಕುಳಿತ ಮುದುಕರೊಬ್ಬರು ಹಿಂದಿನಿಂದ ಕೂಗಿದರು:

"ಉಸ್ತಾದ್ರ, ಇಳದು ನಡಕೋತ ಹೋದ್ರ ನಾವೇ ಮೊದಲ ಮುಟ್ತೇವ್ರಿ."

"ಹೋಗ್ರಿ ಅಜ್ಜಾವ್ರ. ಮುಟ್ಟಿದ ಮ್ಯಾಲ ನಮಗೂ ಚಾ ಇಡಾಕ ಹೇಳ್ರಿ."

"ಮುಂಬೈದಾಗ ಗಾಳಿಗಿಂತ ಜೋರ ಹೊಡಿತಿದ್ರಂತ?"

"ಹೌದ್ರಿ. ಅಲ್ಲಿ ಸತ್ರ ನಾ ಒಬ್ಬನೇ ಸಾಯ್ತಿದ್ದೆ. ಇಲ್ಲಿ ನಿಮ್ಮ ಮುದುಕಿಗೆ ಯಾರ ಜವಾಬ ಕೊಡಬೇಕು?"

ಬಸ್ಸು ಬಿಟ್ಟ ಮೇಲೆ ಸಂಜೆ ನಮ್ಮ ಗಾಣಕ್ಕೆ ಬರುತ್ತಿದ್ದರು. ಹಿಂಡಿಯ ಚೀಲಕ್ಕೆ ಒರಗಿ ಎತ್ತು ತಿರುಗುವುದನ್ನು ಸಿನಿಮಾ ನೋಡಿದ ಹಾಗೆ ನೋಡುವರು. "ನಾ ಮಾಡಿದ್ದು ಭೀ ಇದೇ, ಶರಣ್ಯಾ. ಗೋಲ್ ತಿರುಗಿ ತಿರುಗಿ ಎಲ್ಲಿಂದ ಹೊಂಟಿದ್ದೆ ಅಲ್ಲೇ ಬಂದು ನಿಲ್ಲೋದು. ನಿಮ್ಮ ಎತ್ತಿಗೆ ಶಾಬಾಸ್ ಅನ್ನಾವ್ರು ಇಲ್ಲ, ಅಷ್ಟೇ ಫರಕು."

ಗಾಣಕ್ಕೆ ಬರಲು ಇನ್ನೊಂದು ಕಾರಣ ಔಡಲೆಣ್ಣೆ, ಅಂದರೆ ಹರಳೆಣ್ಣೆ. ನಾವೆಲ್ಲ ಔಡಲೆಣ್ಣೆಯನ್ನು ತಲೆಗೆ ಹಚ್ಚಿ, ಹೊಟ್ಟೆ ಕಟ್ಟಿದಾಗ ಮೂಗು ಹಿಡಿದು ಕುಡಿದವರು. ರೇಸಿನ ಇಂಜನ್ನು ಕೂಡ ಅದನ್ನೇ ಕುಡಿಯುತ್ತದೆ ಎಂದು ಉಸ್ತಾದರು ಹೇಳಿದಾಗ, ಪಾಪ ಅದಕ್ಕೂ ಹೊಟ್ಟೆ ಕಟ್ಟುತ್ತದೆಯೇ ಎಂದು ಕೇಳಿದವನು ನಾನು. ಎಷ್ಟು ಕಾದರೂ ಔಡಲೆಣ್ಣೆ ತೆಳ್ಳಗಾಗದೆ ಇಂಜನ್ನಿನೊಳಗಿನ ಕಬ್ಬಿಣಕ್ಕೆ ಹಿಡಿದುಕೊಂಡೇ ಇರುತ್ತದಂತೆ. ಆದರೆ ಅಸಲಿ ಇರಬೇಕು. ಯಾರು ಎಣ್ಣೆ ಕೊಟ್ಟರೂ ಉಸ್ತಾದರು ತೋರುಬೆರಳು ಅದ್ದಿ, ಹೆಬ್ಬೆರಳಿಗೆ ತಿಕ್ಕಿ, ಕಣ್ಣು ಮುಚ್ಚಿ ಮೂಸಿ ನೋಡುತ್ತಿದ್ದರು. ಆಮೇಲೆಯೇ ಡಬ್ಬಿ ಎತ್ತುವುದು. ನಮ್ಮಪ್ಪನ ಎಣ್ಣೆಗೂ ಆ ಪರೀಕ್ಷೆ ತಪ್ಪಿರಲಿಲ್ಲ.

ನಲವತ್ತೇಳರ ದೀಪಾವಳಿ ಮುಗಿದ ಮೇಲೆ ಒಂದು ದಿನ ಉಸ್ತಾದರು ಎಂದಿಗಿಂತ ಬೇಗ ಬಂದರು. ಜಾಗೀರದಾರರು ಕಾರು ಮಾರುವವರಿದ್ದರು. ಕೊಳ್ಳಲು ಮುಂಬಯಿಯ ಸೇಠರೊಬ್ಬರು ತಮ್ಮದೇ ರೇಸ್ ಕಾರು, ಹರೆಯದ ಡ್ರೈವರನನ್ನು ಕರೆದುಕೊಂಡು ಬರುತ್ತಾರಂತೆ. ಚೌಡಾಪುರದಿಂದ ಅಫಜಲಪುರಕ್ಕೆ ಹೋಗಿ ತಿರುಗಿ ಬರುವ ಪಂದ್ಯ. ಉಸ್ತಾದರು ಗೆದ್ದರೆ ಕಾರಿನ ಜೊತೆ ಅವರೂ ಮುಂಬಯಿಗೆ, ಸೇಠರ ರೇಸ್ ಡ್ರೈವರಾಗಿ. ಸೋತರೆ ಕಾರು ಮಾತ್ರ.

"ಮತ್ತೊಂದ ಸಲ ನೋಡೋಣಂದ್ರ ಆಗಂಗಿಲ್ಲೇನ್ರಿ?" ಎಂದು ಅಪ್ಪ ಕೇಳಿದ.

"ಗಡಿ ಕಡೆ ಗದ್ಲ ಶುರು ಆಗ್ಯಾದ. ರಸ್ತಾ ಮುಚ್ಚಿದ್ರ ಸೇಠ ಬರಂಗಿಲ್ಲ. ನಲವತ್ತು ದಾಟಿದವಂಗ ಮತ್ತೊಂದ ಸಲ ಅನ್ನೋದು ಎಲ್ಲದ?" ಎಂದು ನನ್ನ ಕಡೆ ತಿರುಗಿದರು. "ಎಣ್ಣಿ ನೀ ತೆಗಿ, ಶರಣ್ಯಾ. ಗಾಣ ತೊಳದು, ಹೊಸಾ ಬೀಜ. ಒಂದ ಡಬ್ಬಿ ತುಂಬ." ಎಂದವರೇ ರೇಸಿನ ಚಷ್ಮಾವನ್ನು ನನ್ನ ಕೈಗೆ ಕೊಟ್ಟರು, ಅದರ ಪಟ್ಟಿ ಹರಿದಿತ್ತು, ಚಮ್ಮಾರರ ಹತ್ತಿರ ಹೊಲಿಸಿಡಬೇಕಿತ್ತು.

ಪಟ್ಟಿ ಹೊಲಿಸಿದೆ. ಗಾಣ ತೊಳೆದೆ. ನಮ್ಮಲ್ಲಿ ಬೀಜ ಬದಲಾಯಿಸಿದಾಗ ಮೊದಲ ಹಿಂಡಿಕೆ ಹಳೆಯ ಎಣ್ಣೆಯೊಂದಿಗೆ ಬೆರೆತಿರುತ್ತದೆಂದು ಅದನ್ನು ಗುಡಿಯ ದೀಪಕ್ಕೆ ಕೊಡುವ ರೂಢಿ. ಅದನ್ನೂ ಕೊಟ್ಟೆ. ಇಷ್ಟು ಸರಿಯಾಗಿ ನಾನು ಹುಟ್ಟಿದಾಗಿನಿಂದ ಯಾವ ಕೆಲಸವನ್ನೂ ಮಾಡಿರಲಿಲ್ಲ. ಡಬ್ಬಿ ತುಂಬಿತು. ಅಪ್ಪ ಸಂತೆಗೆ ಹೋಗಿದ್ದ. ನನ್ನ ಬುದ್ಧಿಯೂ ಅವನ ಹಿಂದೆಯೇ ಹೋಗಿರಬೇಕು.

ಚಷ್ಮಾ ಕಟ್ಟಿಕೊಂಡೆ. ಗಾಣದ ಹಲಗೆಯ ಮೇಲೆ ಕುಳಿತು, ಇದು ಪುಣೆ, ಇದು ತಿರುವು, ನಾನೇ ಉಸ್ತಾದ ಎಂದು ಎತ್ತಿನ ಬಾಲ ತಿರುಚಿದೆ. ಕಣ್ಣಿಗೆ ಬಟ್ಟೆ ಕಟ್ಟಿದ ಎತ್ತು, ಚಷ್ಮಾ ಕಟ್ಟಿದ ಕತ್ತೆ. ಇಬ್ಬರೂ ಮೂರು ಸುತ್ತು ಗಾಳಿಯಾದೆವು. ನಾಲ್ಕನೆಯ ಸುತ್ತಿಗೆ ಹಲಗೆ ಹೋಗಿ ಡಬ್ಬಿಗೆ ಬಡಿಯಿತು. ಡಬ್ಬಿ ನೆಟ್ಟಗೆ ನಿಲ್ಲಿಸುವಷ್ಟರಲ್ಲಿ ಕಾಲುಭಾಗ ಎಣ್ಣೆ ನೆಲ ಕುಡಿದಿತ್ತು.

ಔಡಲ ಬೀಜ ಮುಗಿದಿತ್ತು. ಸಂತೆಗೆ ಓಡಿ ಅಪ್ಪನಿಗೆ ಹೇಳಬಹುದಿತ್ತು, ಬೈಸಿಕೊಳ್ಳಬಹುದಿತ್ತು. ಮೂಲೆಯಲ್ಲಿ ಕುಸುಬಿ ಎಣ್ಣೆಯ ಗಡಿಗೆ ಇತ್ತು. ಹೊಯ್ದೆ, ಕಲಕಿದೆ. ಬಣ್ಣ ಕಣ್ಣಿಗೆ ಸರಿಯೇ ಕಂಡಿತು. ಕುಸುಬಿ ಎಣ್ಣೆ ಕಾದರೆ ಏನಾಗುತ್ತದೆ ಎಂಬುದು ಗಾಣಿಗರ ಮನೆಯ ಕೂಸಿಗೂ ಗೊತ್ತು. ಅದನ್ನು ಕುದಿಸಿ ಅಂಟು ಮಾಡಿ, ಬಾವಿಯಿಂದ ನೀರೆತ್ತುವ ತೊಗಲಿನ ಚೀಲಗಳಿಗೆ ಬಳಿಯಲು ನಾವೇ ಕೊಡುತ್ತೇವೆ. ಗೊತ್ತಿರಲಿಲ್ಲ ಎಂದು ಹೇಳುವ ಭಾಗ್ಯವೂ ನನಗಿಲ್ಲ. ಉಸ್ತಾದರು ಬೆರಳದ್ದಿ ನೋಡಿಯೇ ನೋಡುತ್ತಾರೆ, ಗೊತ್ತಾದರೆ ಒಪ್ಪಿಕೊಂಡರಾಯಿತು, ಗೊತ್ತಾಗದಿದ್ದರೆ ಪಾರಾದೆ ಎಂದುಕೊಂಡೆ.

ಪಂದ್ಯದ ದಿನ ಬೆಳಿಗ್ಗೆ ಅಪ್ಪ, ನಾನು ಡಬ್ಬಿ ಹೊತ್ತು ಚೌಡಾಪುರಕ್ಕೆ ಹೋದೆವು. ಮಡಗಾರ್ಡು ಬಿಚ್ಚಿದ ಕಾರು ಪೊರೆ ಬಿಟ್ಟ ಹಾವಿನ ಹಾಗೆ ಮಿಂಚುತ್ತಿತ್ತು. ಜಾಗೀರದಾರರು ಕುರ್ಚಿಯಲ್ಲಿ, ಪಕ್ಕದಲ್ಲಿ ಸೇಠರು, ಹಿಂದೆ ಕುದುರೆ ಚಾವಟಿಯಂಥ ಚಾಬೂಕು ಹಿಡಿದ ಇಬ್ಬರು ಸಿಪಾಯಿಗಳು. ಉಸ್ತಾದರು ಡಬ್ಬಿಯ ಮುಚ್ಚಳ ತೆಗೆದರು. ನನ್ನ ಮುಖ ನೋಡಿದರು. ಬೆರಳು ಅದ್ದಲಿಲ್ಲ.

"ನೋಡ್ರಿ ಉಸ್ತಾದ್," ಅಂದೆ.

"ನಿನಗ ನಾ ಹೇಳಿ ತೆಗಿಸಿದ್ದು. ಅದಕ್ಕ ಭೀ ಬೆರಳ ಹಚ್ಚಿದ್ರ ನಾ ಮನಷ್ಯಾ ಏನು?" ಎಂದು ನಕ್ಕು ಇಂಜನ್ನಿಗೆ ಸುರಿಯತೊಡಗಿದರು. ಅರ್ಧ ಡಬ್ಬಿ ಹೋಗುವವರೆಗೂ ಹೇಳಲು ವೇಳೆಯಿತ್ತು. ಪೂರ್ತಿ ಹೋಗುವವರೆಗೂ ಇತ್ತು. ಊರಿನಲ್ಲಿ ನನ್ನ ಬಾಯಿ ಮುಚ್ಚಿಸಲು ನಾಲ್ಕು ಜನ ಬೇಕು. ಅವತ್ತು ಯಾರೂ ಬೇಕಾಗಲಿಲ್ಲ.

ಎರಡೂ ಕಾರು ಧೂಳಿನಲ್ಲಿ ಮಾಯವಾದವು. ಎಷ್ಟೋ ಹೊತ್ತಿಗೆ ಅಫಜಲಪುರದ ಕಡೆಯಿಂದ ಮತ್ತೆ ಧೂಳೆದ್ದಾಗ ಮುಂದೆ ಇದ್ದದ್ದು ಉಸ್ತಾದರೇ. ಸೇಠರ ಕಾರು ಎರಡು ಹೊಲದಷ್ಟು ಹಿಂದೆ ಇತ್ತು. ಉಸ್ತಾದರ ಚಷ್ಮಾದ ಗಾಜು ಮಿಂಚುವುದು ಕಾಣಿಸಿತು. ನಾನು ಕುಣಿದೆ, ಪಾರಾದೆ ಅಂತಲೇ ಕುಣಿದೆ. ಆಗ ಇಂಜನ್ನು ಒಮ್ಮೆ ಕೆಮ್ಮಿತು. ನೀಲಿ ಹೊಗೆ ಬಂತು. ಕರ್ ಅಂತ ಹಲ್ಲು ಕಡಿದ ಶಬ್ದ. ಕಾರು ರಸ್ತೆಯ ನಡುವೆ ನಿಂತುಬಿಟ್ಟಿತು, ಕಲ್ಲೆಸೆದರೆ ನಾವು ನಿಂತಲ್ಲಿಗೆ ಮುಟ್ಟುವಷ್ಟು ದೂರದಲ್ಲಿ. ಹರೆಯದ ಡ್ರೈವರು ಪಕ್ಕದಿಂದ ದಾಟಿ ಬಂದ.

ಎಲ್ಲರೂ ಓಡಿದೆವು. ಉಸ್ತಾದರು ಇಳಿದು ಬಾನೆಟ್ಟು ಎತ್ತಿ, ಎಣ್ಣೆ ಅಳೆಯುವ ಕಡ್ಡಿ ಎಳೆದು, ಅದನ್ನು ಬೆರಳಿಗೆ ತಿಕ್ಕಿದರು. ಬೆರಳು ಬೆರಳಿಗೆ ಅಂಟಿತು. ಮೂಸಿದರು. ಆಮೇಲೆ ಗುಂಪಿನಲ್ಲಿ ನನ್ನನ್ನು ಹುಡುಕಿ ನೋಡಿದರು. ಆ ಎರಡು ಬೆಳ್ಳನೆಯ ಬಿಲ್ಲೆಗಳ ನಡುವಿನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇಷ್ಟೊಂದು ಬರೆಯುತ್ತಿರಲಿಲ್ಲ.

ಜಾಗೀರದಾರರು ಉರಿಯುತ್ತಿದ್ದರು. "ಎಣ್ಣಿ ಯಾವಂದು? ಯಾವ ಗಾಣದಿಂದ ಬಂತು?"

ಸಿಪಾಯಿಗಳು ನಮ್ಮಪ್ಪನ ಕಡೆ ತಿರುಗಿದರು. ಅಪ್ಪ ಏನೂ ಅರಿಯದೆ ತಲೆಯ ಪಟಕ ತೆಗೆದು ಕೈಮುಗಿದ.

"ಎಣ್ಣಿ ಬಿಲ್ಕುಲ್ ಅಸಲಿ ಅದ ಹುಜೂರ್," ಎಂದರು ಉಸ್ತಾದರು, ಕೈಯನ್ನು ಪೈಜಾಮಕ್ಕೆ ಒರೆಸಿಕೊಳ್ಳುತ್ತ. "ಗೇರಿಂದು ತಪ್ಪಾಯ್ತು. ಇಂಜನ್ ಮ್ಯಾಲ ಜಾಸ್ತಿ ಜೋರ ಹಾಕಿದೆ. ಕೈ ನಂದು."

ಸೇಠರು ನಿಧಾನವಾಗಿ ತಲೆಯಾಡಿಸಿ, "ವಯಸ್ಸಾಯ್ತು ಉಸ್ತಾದ್," ಎಂದು ಹಿಂದಿಯಲ್ಲಿ ಹೇಳಿದರು.

"ಹೌದ್ರಿ ಸೇಠಜಿ. ಆಯ್ತು."

ಗೆದ್ದರೂ ಸೋತರೂ ಹೆಸರು ಉಳಿಯುತ್ತದೆ ಎಂಬ ರೇಸಿನವನ ಕೊನೆಯ ಆಸ್ತಿಯನ್ನೂ ಅವರು ಆ ಧೂಳಿನಲ್ಲಿ ಬಿಟ್ಟರು. ಕೆಟ್ಟ ಕಾರನ್ನು ಲಾರಿಯ ಹಿಂದೆ ಕಟ್ಟಿ ಎಳೆದೊಯ್ದರು. ಅಪ್ಪ ಪಟಕ ಸುತ್ತಿಕೊಳ್ಳುತ್ತ, "ಪಾಪ, ಉಸ್ತಾದ್ರ ಕೈ ಕೆಟ್ಟಾದ ನೋಡು," ಅಂದ. ನಾನು ಹೂಂ ಅಂದೆ. ಆ ಹೂಂ ನನ್ನ ಜನ್ಮದ ಅತಿ ಸಣ್ಣ ಮಾತು, ಅತಿ ಹೊಲಸು ಮಾತು ಕೂಡ ಅದೇ.

ಆಮೇಲೆ ಹತ್ತು ತಿಂಗಳು ಅವರಿಂದ ಅಡಗಿದೆ. ಅವರು ಗಾಣಕ್ಕೆ ಬಂದರೆ ನಾನು ಎತ್ತಿನ ಆ ಕಡೆಗೆ. ಎತ್ತು ತಿರುಗಿದಂತೆ ನಾನೂ ತಿರುಗುತ್ತಿದ್ದೆ. ಪೆಟ್ರೋಲು ಪೂರ್ತಿ ನಿಂತು ಬಸ್ಸು ಬೇವಿನ ಗಿಡದ ಕೆಳಗೆ ಕೋಳಿಗೂಡಾಯಿತು. ನಲವತ್ತೆಂಟರ ಮಳೆಗಾಲದ ಕೊನೆಗೆ ಮಿಲಿಟರಿ ಬಂದು ನಿಜಾಮರ ರಾಜ್ಯ ಮುಗಿಯಿತು. ಊರಿನಲ್ಲಿ ಮನೆ ಮನೆಗೂ ಭಯ ಬಂತು; ನಿನ್ನೆ ಮೊನ್ನೆ ಒಟ್ಟಿಗೆ ಚಹಾ ಕುಡಿದವರು ಮುಖ ನೋಡಿ ಮಾತಾಡುವುದನ್ನು ಬಿಟ್ಟರು. ಉಸ್ತಾದರ ಮನೆಯವರು ಹೈದರಾಬಾದಿನ ಕಡೆ ಹೋಗುತ್ತಾರೆಂದು ಸುದ್ದಿಯಾಯಿತು.

ಹೋಗುವ ದಿನ ಮಧ್ಯಾಹ್ನ ಅವರ ಎತ್ತಿನ ಗಾಡಿ ನಮ್ಮ ಗಾಣದ ಮುಂದೆ ನಿಂತಿತು. ಗಾಡಿಯಲ್ಲಿ ಹೆಂಡತಿ, ಎರಡು ಟ್ರಂಕು, ಒಂದು ಆಡು. ಗಾಳಿಗಿಂತ ಜೋರು ಓಡಿಸಿದ ಮನುಷ್ಯ ಹಗ್ಗ ಹಿಡಿದು ಕುಳಿತಿದ್ದರು. ಗಾಲಿಯ ಅಚ್ಚಿಗೆ ಹಾಕಲು ಔಡಲೆಣ್ಣೆ ಬೇಕಿತ್ತು. ಅಂದು ಅಡಗಲಿಲ್ಲ. ಬೆಳಿಗ್ಗೆಯೇ ತೊಳೆದ ಗಾಣದಲ್ಲಿ ತೆಗೆದ ಎಣ್ಣೆಯನ್ನು ಚರಿಗೆ ತುಂಬ ತಂದೆ.

"ಉಸ್ತಾದ್, ಅವತ್ತಿನ ಎಣ್ಣ್ಯಾಗ..."

"ಕುಸುಬಿ," ಅಂದರು ಅವರೇ. "ಕಾಲುಭಾಗ. ಮೂಗಿಗಿ ಅಲ್ಲೇ ಗೊತ್ತಾಗಿತ್ತು."

"ಮತ್ತ ಯಾಕ ಹೇಳಲಿಲ್ರಿ?"

"ಜಾಗೀರದಾರರ ಚಾಬೂಕ ಸಣ್ಣಾವಿದ್ದಾಗಿಂದ ತಿಂದವ ನಾ. ನಿಮ್ಮಪ್ಪಂದು ಮುದಿ ಬೆನ್ನ ಅದ. ರೇಸ್ ಮೊದಲೇ ಹೋಗಿತ್ತು, ಬೆನ್ನ ಯಾಕ ಹೋಗ್ಲಿ?"

ಅಷ್ಟು ಹೇಳಿ ಚರಿಗೆಗೆ ಕೈ ಚಾಚಿದರು. ನಾನು ಕೊಟ್ಟೆ. ತೋರುಬೆರಳು ಎಣ್ಣೆಗೆ ಹೋಯಿತು. ಹೆಬ್ಬೆರಳಿಗೆ ತಿಕ್ಕಿದರು, ಕಣ್ಣು ಮುಚ್ಚಿದರು, ಮೂಸಿದರು.

"ಅಸಲಿ ಅದ," ಎಂದು ಅಚ್ಚಿಗೆ ಹೊಯ್ದರು. ನನ್ನ ತಲೆ ಸವರಿದರು. ಗಾಡಿ ಹೋಯಿತು. ಎರಡು ವರ್ಷವಾಯಿತು, ಅವರು ಎಲ್ಲಿದ್ದಾರೋ ತಿಳಿಯದು.

ಈಗ ನಮ್ಮ ಗಾಣದಲ್ಲಿ ಒಂದು ಹೊಸ ರೂಢಿಯಿದೆ. ಗಿರಾಕಿ ಯಾರೇ ಇರಲಿ, ಬೆರಳದ್ದಿ, ತಿಕ್ಕಿ, ಮೂಸಿ ನೋಡದೆ ನಾನು ಡಬ್ಬಿ ಎತ್ತಗೊಡುವುದಿಲ್ಲ. ಒಂದು ಪಾವು ಎಣ್ಣೆಗೆ ಬಂದ ಮುದುಕಿಗೂ ಬಿಡುವುದಿಲ್ಲ. "ನಿನ್ನ ಮ್ಯಾಲ ನಂಬಿಗಿ ಅದ ಬಿಡೋ, ನಿನ್ನಂಥಾ ಪ್ರಾಮಾಣಿಕ ಹುಡುಗ ಆಳಂದದಾಗ ಇಲ್ಲ," ಎಂದು ಅವರು ಮೆಚ್ಚಿ ಬೆನ್ನು ತಟ್ಟುತ್ತಾರೆ. ನಾನು ಎತ್ತಿನ ಕಡೆ ಮುಖ ಮಾಡಿ, ಬಿಗಿಯಾಗಿಯೇ ಇರುವ ಅದರ ಕಣ್ಣಿನ ಬಟ್ಟೆಯನ್ನು ಮತ್ತೊಮ್ಮೆ ಕಟ್ಟುತ್ತೇನೆ.