ಒಲ್ಲೆ ಅಂದವನು

ದೆವ್ವ, ಪೀಡೆ ಅಂದವರ ಮುಖಕ್ಕೇ ನಗುತ್ತಿದ್ದವಳು ನಾನು. ಧಾರವಾಡದಲ್ಲಿ ನಮ್ಮವ್ವ ಅಮಾವಾಸ್ಯೆಗೆ ನಿಂಬೆಹಣ್ಣು ಇಳಿ ತೆಗೆದರೆ, "ಹಣ್ಣ ಹಾಳ ಮಾಡಬ್ಯಾಡ, ಶರಬತ್ತರ ಮಾಡು" ಅನ್ನುತ್ತಿದ್ದೆ. ಈಗಲೂ ಅಂಥ ನಂಬಿಕೆಯೇನೂ ಹುಟ್ಟಿಲ್ಲ. ಆದರೆ ಎಂಬತ್ತರ ದಶಕದ ಒಂದು ಮಧ್ಯಾಹ್ನ ಕಣ್ಣಾರೆ ಕಂಡದ್ದನ್ನು ಕಂಡಿಲ್ಲ ಅನ್ನಲಾರೆ. ನೀವು ನಗುವುದಾದರೆ ನಗಿರಿ.

ಆಗ ನನ್ನ ಗಂಡನಿಗೆ ಸಾಂಟಾ ಕ್ಲಾರಾದ ಚಿಪ್ ಕಂಪನಿಯಲ್ಲಿ ಕೆಲಸ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಗಿಲ್‌ರಾಯ್ ಹತ್ತಿರ ಮಾರ್ತಾ ಎಂಬ ಜರ್ಮನ್ ಮುದುಕಿಯ ಏಪ್ರಿಕಾಟ್ ತೋಟದ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಆ ಬೇಸಿಗೆ ಮಾರ್ತಾಳಿಗೆ ಹೊಟ್ಟೆಯ ಕ್ಯಾನ್ಸರ್, ಡಾಕ್ಟರು ಕೈಬಿಟ್ಟಿದ್ದರು. ಮಧ್ಯಾಹ್ನದ ಊಟ ನಾನೇ ಕೊಡುತ್ತಿದ್ದೆ. ಅಡುಗೆಮನೆಯ ಮೇಜಿನ ಮೇಲೆ ದಿನಾಲೂ ಒಂದು ತಟ್ಟೆ ಹೆಚ್ಚಿಗೆ ಇಡಿಸುತ್ತಿದ್ದಳು. ಯಾರಿಗೆ ಅಂತ ಒಂದು ದಿನ ಕೇಳಿಯೇಬಿಟ್ಟೆ.

"ಯಾನೆಕ್‌ಗೆ" ಅಂದಳು.

ಎರಡನೆಯ ಮಹಾಯುದ್ಧದ ಕಾಲ, ಜರ್ಮನಿಯ ಹಳ್ಳಿಯಲ್ಲಿ. ಯುದ್ಧಕ್ಕೆ ಹೋದ ಮಾರ್ತಾಳ ಗಂಡ ಸತ್ತಿದ್ದ. ಹೊಲಕ್ಕೆ ಉಳಿದದ್ದು ಇವಳು, ಎರಡು ಸಣ್ಣ ಹೆಣ್ಣುಮಕ್ಕಳು. ಕುದುರೆಯನ್ನೂ ಸೈನ್ಯ ಒಯ್ದಿತ್ತು. ತಮ್ಮ ಹಸುವಿನ ಬೆಣ್ಣೆ ತಾವು ತೆಗೆಯಬಾರದೆಂದು ಕಡೆಯುವ ಯಂತ್ರಕ್ಕೆ ಸರ್ಕಾರದವರು ಸೀಲು ಹಾಕಿದ್ದರು. ದುಡಿಯಲಿ ಅಂತ ಪೋಲೆಂಡಿನಿಂದ ಹಿಡಿದು ತಂದ ಯಾನೆಕ್ ಎಂಬವನನ್ನು ಕೊಟ್ಟರು. ಅಂಥವನು ಮನೆಯವರ ಜೊತೆ ಒಂದೇ ಮೇಜಿಗೆ ಕೂತು ಉಣ್ಣುವಂತಿಲ್ಲ ಎಂದು ಕಟ್ಟಪ್ಪಣೆ. ಎರಡು ವರ್ಷ ಒಲೆಯ ಪಕ್ಕದ ಮಣೆಯ ಮೇಲೆ ಕೂತು ಉಂಡ. ಆಲೂಗಡ್ಡೆ ಕೀಳುವ ಕಾಲದ ಒಂದು ಸಂಜೆ, ಜ್ವರದಲ್ಲಿ ನಡುಗುತ್ತಿದ್ದವನನ್ನು ಮಾರ್ತಾಳೇ ಕೈಹಿಡಿದು ಮೇಜಿಗೆ ಕೂರಿಸಿದಳು. ನೆರೆಯವರಾರೋ ಕಿಟಕಿಯಲ್ಲಿ ಕಂಡು ಚಾಡಿ ಹೇಳಿದರು. ಪೊಲೀಸರು ಬಂದು ಕೇಳಿದಾಗ ಮಕ್ಕಳ ಮುಖ ನೋಡಿ, "ಅವನೇ ಬಂದು ಕೂತ" ಅಂದುಬಿಟ್ಟಳು. ಅವನನ್ನು ಒಯ್ದರು. ಅವನು ಮತ್ತೆ ಬರಲಿಲ್ಲ.

ಎಂಥ ದರಿದ್ರ ಸರ್ಕಾರ ಅಂತ ಹಲ್ಲು ಕಡಿದೆ. ಆಮೇಲೆ ನಮ್ಮ ಮನೆಯ ಹಿತ್ತಲ ಕಟ್ಟೆ ನೆನಪಾಯಿತು. ನಮ್ಮ ಆಳುಗಳ ಊಟವೂ ಹೊರಗೆ ಆ ಕಟ್ಟೆಯ ಮೇಲೆಯೇ. ಅದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಾಗಿರಲಿಲ್ಲ.

"ಒಂದು ಸಲ ಬಂದು ಈ ಮೇಜಿಗೆ ಕೂತರೆ ಸಾಕು. ಕ್ಷಮಿಸಿದ ಅಂತ ತಿಳಿದುಕೊಂಡು ಸಾಯ್ತೀನಿ" ಅಂದಳು ಮಾರ್ತಾ.

ಜುಲೈ ತಿಂಗಳು. ಪಕ್ಕದ ತೋಟದಲ್ಲಿ ಹಣ್ಣು ಬಿಡಿಸುವವರ ಗದ್ದಲ. ಮಾರ್ತಾ ಒಳಕೋಣೆಯಲ್ಲಿ ಮಲಗಿದ್ದಳು. ನಾನು ಸೂಪು ಬಡಿಸುತ್ತಿದ್ದೆ. ಹಿಂಬಾಗಿಲಲ್ಲಿ ಒಬ್ಬ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ಬಡಕಲು ಮೈ, ಎದೆಯ ಮೇಲೆ ಹೊಲಿದ ಹಳದಿ ಬಟ್ಟೆಯ ತುಂಡು. ತೋಟದ ಆಳೇ ಇರಬೇಕು, ಅದು ಕಂಪನಿಯ ಗುರುತು ಇರಬೇಕು ಅಂದುಕೊಂಡೆ. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವುದುಂಟೇ? ಕುರ್ಚಿ ಎಳೆದು, ಬಂದು ಕೂಡು ಅಂದೆ. ಅವನು ಕುರ್ಚಿ ನೋಡಿದ, ತಟ್ಟೆ ನೋಡಿದ. ತಲೆ ಅಲ್ಲಾಡಿಸಿ, "ನ್ಯೆ ವೊಲ್ನೊ" ಅಂದ.

ಅಯ್ಯ ಶಿವನೇ, ನಮ್ಮೂರಿನ "ನಾ ಒಲ್ಲೆನೋ" ಈ ದೇಶದಲ್ಲಿ! ನನಗೆ ನಗು ತಡೆಯಲಿಲ್ಲ. ನೀರನ್ನಾದರೂ ಕುಡಿಯಲಿ ಅಂತ ನಲ್ಲಿಯ ಕಡೆ ತಿರುಗಿ ಮತ್ತೆ ನೋಡುವಷ್ಟರಲ್ಲಿ ಇರಲಿಲ್ಲ. ತಿಂಗಳುಗಟ್ಟಲೆ ಮಳೆಯ ಹನಿ ಬಿದ್ದಿರದ ಆ ನೆಲದಲ್ಲಿ ಹೊಸ್ತಿಲ ಮೇಲೆ ಎರಡು ಹಸಿ ಕೆಸರಿನ ಹೆಜ್ಜೆ. ಸಂಜೆ ಗಂಡನಿಗೆ ತೋರಿಸಿದೆ. "ನೀನ ಗಿಡಕ್ಕ ನೀರ ಬಿಟ್ಟು ತುಳಕೊಂಡ ಬಂದಿರ್ತಿ" ಅಂದ.

ಅಷ್ಟರೊಳಗೆ ನಾನು ಮಾಡಬಾರದ್ದು ಮಾಡಿ ಆಗಿತ್ತು. ಮಾರ್ತಾಳಿಗೆ ನಗುತ್ತಲೇ ಎಲ್ಲ ಹೇಳಿದ್ದೆ: ಯಾರೋ ಬಂದಿದ್ದ, ಕೂಡು ಅಂದೆ, ಒಲ್ಲೆ ಅಂದ. ಎದೆಯ ಮೇಲೆ ಏನಿತ್ತು ಅಂತ ಕೇಳಿದಳು. ಹಳದಿ ಬಟ್ಟೆ ಅಂದೆ. ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು.

"ಯಾನೆಕ್‌ನ ಎದೆಗೂ ಅದನ್ನೇ ಹೊಲಿಸಿದ್ದರು, ಪೋಲೆಂಡಿನ ಆಳು ಅಂತ. ಒಲ್ಲೆ ಅಂದನಾ? ಸರಿಯಾಗಿ ಕೇಳಿಸಿತಾ ನಿನಗೆ?"

"ಹೌದು, ಹಾಗೇ ಅಂದ" ಅಂದೆ.

ಕೈ ಬಿಟ್ಟು ಗೋಡೆಗೆ ಮುಖ ತಿರುಗಿಸಿದಳು. ಆಮೇಲೆ ಒಂದು ತುತ್ತೂ ಮುಟ್ಟಲಿಲ್ಲ, ಎಷ್ಟು ಗೋಗರೆದರೂ ನನ್ನ ಕಡೆ ತಿರುಗಲಿಲ್ಲ. ಮೂರನೆಯ ದಿನ ಹೋದಳು.

ದೀಪಾವಳಿಗೆ ಗಂಡನ ಆಫೀಸಿನ ಹೊಸ ಇಂಜಿನಿಯರು, ಪೋಲೆಂಡಿನವನು, ಸಂಸಾರ ಸಮೇತ ನಮ್ಮಲ್ಲಿ ಊಟಕ್ಕೆ ಬಂದಿದ್ದ. ಅವರ ಪುಟ್ಟ ಮಗಳು ಒಲೆಯ ಮೇಲಿದ್ದ ಎಣ್ಣೆಯ ಬಾಣಲೆಗೆ ಕೈ ಚಾಚಿದಳು. ತಾಯಿ ಚೀರಿದಳು: "ನ್ಯೆ ವೊಲ್ನೊ!"

ನನ್ನ ಕೈಯಲ್ಲಿದ್ದ ಜಾಲರಿ ಸೌಟು ಕೆಳಗೆ ಬಿತ್ತು. ಹಾಗೆಂದರೇನು ಅಂತ ಕೇಳಿದೆ. "ಕೂಡದು, ಅಪ್ಪಣೆ ಇಲ್ಲ ಅಂತ" ಅಂದಳು.

ಬಂದವನು ಯಾರು, ಎಲ್ಲಿಂದ ಬಂದ, ನನಗೆ ಇವತ್ತಿಗೂ ತಿಳಿಯದು. ಗಂಡ ಹೇಳುವಂತೆ ಬಿಸಿಲು ಬಡಿದು ಭ್ರಮೆಯಾಗಿತ್ತು ಅಂದುಕೊಳ್ಳೋಣವೆಂದರೆ, ಆತನಕ ಒಮ್ಮೆಯೂ ಕೇಳಿರದ ಭಾಷೆಯ ಮಾತು ನನ್ನ ಕಿವಿಗೆ ಬಂದದ್ದು ಹೇಗೆ? ಅದು ಹೋಗಲಿ. ಅವನು ಒಲ್ಲೆ ಅಂದಿರಲೇ ಇಲ್ಲವಲ್ಲ! ಬಂದವರು ಬೇಡ ಅಂದರೂ ಎರಡು ಸಲ, ಮೂರು ಸಲ ಒತ್ತಾಯ ಮಾಡಿ ಕೂರಿಸುವುದು ನಮ್ಮ ಕಡೆಯ ರೀತಿ. ಅವತ್ತು ನಾನು ಒಂದೇ ಸಲ ಕರೆದೆ.