ದೇವರ ಹಿಟ್ಟಿನ ಡಬ್ಬಿ

ಗಿರಣಿಯಿಂದ ಆಗಷ್ಟೇ ಬೀಸಿ ತಂದ ಜೋಳದ ಹಿಟ್ಟಿನ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ನಿಂತಲ್ಲೇ ನಿಂತುಬಿಡುತ್ತೇನೆ. ಬೆಚ್ಚಗಿನ, ತುಸು ಸಿಹಿಯಾದ ಆ ವಾಸನೆ ನಿಮ್ಮಲ್ಲೂ ಕೆಲವರಿಗೆ ಗೊತ್ತಿರಬೇಕು; ಪ್ಯಾಕೆಟ್ ಹಿಟ್ಟು ತಿಂದು ಬೆಳೆದವರಿಗೆ ಏನು ಹೇಳಿದರೂ ತಿಳಿಯದು, ಬಿಡಿ. ಆ ವಾಸನೆಯ ಹಿಂದೆಯೇ ಬಸವಕಲ್ಯಾಣದ ನಮ್ಮ ಅಡುಗೆಮನೆ ಬರುತ್ತದೆ, ಹೊಗೆಗೆ ಕಪ್ಪಾದ ಗೋಡೆ ಬರುತ್ತದೆ, ಒಲೆಯ ಮುಂದೆ ಕಾಲು ಮಡಚಿ ಕೂತು ರೊಟ್ಟಿ ಬಡಿಯುವ ಆಯಿ ಬರುತ್ತಾಳೆ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅಪ್ಪ ಅಲ್ಲಿನ ಚರ್ಚಿನ ಪಾದ್ರಿ. ಚರ್ಚಿನ ಬೆನ್ನಿಗೆ ಅಂಟಿಕೊಂಡಿದ್ದ ಮನೆ ನಮ್ಮದು. ನಮ್ಮವರಲ್ಲಿ ಒಂದು ರೂಢಿಯಿತ್ತು. ರೊಟ್ಟಿಗೆ ಹಿಟ್ಟು ತೆಗೆಯುವ ಮುಂಚೆ ಒಂದು ಹಿಡಿ ದೇವರ ಪಾಲೆಂದು ಬೇರೆ ಡಬ್ಬಿಗೆ ಹಾಕಬೇಕು. ವಾರವಿಡೀ ಕೂಡಿದ್ದನ್ನು ಭಾನುವಾರ ಬಟ್ಟೆಯ ಚೀಲದಲ್ಲಿ ತುಂಬಿ ಚರ್ಚಿಗೆ ಒಯ್ದು, ಹೆಂಗಸರೆಲ್ಲ ಸಾಲಾಗಿ ನಡೆದು, ಮುಂದಿಟ್ಟ ದೊಡ್ಡ ಬುಟ್ಟಿಗೆ ಸುರಿಯುತ್ತಿದ್ದರು. ಅದು ಊರಿನ ಬಡವರ ಮನೆಗೆ ಹೋಗುತ್ತಿತ್ತು. ಆ ಡಬ್ಬಿಯನ್ನು ಆಯಿ ಬಿಟ್ಟು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಒಮ್ಮೆ ಅಪ್ಪನೇ ಮುಚ್ಚಳ ತೆಗೆದಾಗ, ಪಾದ್ರಿಯೆಂದೂ ನೋಡದೆ ಕೈಮೇಲೆ ಬಾರಿಸಿದ್ದಳು.

ಆ ಬೇಸಿಗೆಯಲ್ಲಿ ನಮ್ಮ ಅವ್ವ ಹೊಟ್ಟೆನೋವಿನಿಂದ ಒದ್ದಾಡಿ ಬೀದರಿನ ಆಸ್ಪತ್ರೆ ಸೇರಿದಳು. ದೊಡ್ಡ ಆಪರೇಷನ್ ಆಗಬೇಕು, ಏನೂ ಹೇಳಲಿಕ್ಕಾಗದು ಎಂದು ಡಾಕ್ಟರು ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಅವ್ವನ ತಂಗಿ ಅಲ್ಲಿ ಜೊತೆಗಿದ್ದಳು. ಒಂದು ಬೆಳಿಗ್ಗೆ ಆಯಿ ಪ್ರಾರ್ಥನೆ ಮುಗಿಸಿ ಎದ್ದವಳೇ ನನ್ನನ್ನು ಕರೆದು, "ನಿಮ್ಮವ್ವ ತಿರುಗಿ ಬರ್ತಾಳ. ದೇವ್ರು ನನಗ ಮಾತ ಕೊಟ್ಟಾನ. ಅವ ನಿಮ್ಮಪ್ಪನಂಗ ಮರಿಯಾಂವ ಅಲ್ಲ" ಎಂದಳು. ನನಗೆ ಎಷ್ಟು ಧೈರ್ಯ ಬಂತೆಂದರೆ ಅಂದು ಹೊಟ್ಟೆ ತುಂಬ ಉಂಡೆ. ಆದರೆ ಅವತ್ತಿನಿಂದ ಆಯಿ ದೇವರ ಡಬ್ಬಿಗೆ ಒಂದು ಹಿಡಿಯ ಬದಲು ಎರಡು ಹಿಡಿ ಹಾಕತೊಡಗಿದಳು. ಅಷ್ಟರಲ್ಲೇ ಅಪ್ಪನಿಗೆ ಹುಮನಾಬಾದಿಗೆ ವರ್ಗವಾಯಿತು. ಹೊಸ ಪಾದ್ರಿ ಬರುವ ಮುಂಚೆ ಮನೆ ಖಾಲಿ ಮಾಡಲೇಬೇಕಿತ್ತು. ಅವ್ವ ಬರುವ ತನಕ ಕಾಯುವ ಹಾಗಿರಲಿಲ್ಲ.

ಶನಿವಾರ ಟೆಂಪೋ ಬಂತು. ಅವ್ವನ ಸೀರೆಗಳ ಪೆಟ್ಟಿಗೆ, ಮಂಚ, ಕೊಡ, ಡಬ್ಬಿ ಎಲ್ಲವನ್ನೂ ಹೇರಿ, ಅದರ ಮೇಲೆ ನಾನೂ ಆಯಿಯೂ ಕೂತೆವು. ದಾರಿಯಲ್ಲಿ ರಾಜೇಶ್ವರ ಊರು ದಾಟುವಾಗ ನನಗೆ ಒಮ್ಮೆಲೇ ಒಂದು ಮಾತು ಹೊಳೆಯಿತು. ಆಯಿ ಪ್ರಾರ್ಥನೆ ಮಾಡಿದ್ದು ಆ ಮನೆಯಲ್ಲಿ, ದೇವರು ಮಾತು ಕೊಟ್ಟದ್ದೂ ಆ ಮನೆಯಲ್ಲಿ.

"ಆಯೀ, ನಾವು ಹುಮನಾಬಾದಿಗೆ ಹೊಂಟಿದ್ದು ದೇವ್ರಿಗೆ ಗೊತ್ತದೇನು?"

"ಹುಚ್ಚಿ! ಟೆಂಪೋದಾಂವಗ ಗೊತ್ತದ, ದೇವ್ರಿಗೆ ಗೊತ್ತಿರಂಗಿಲ್ಲೇನು?"

ಹುಮನಾಬಾದಿನ ಮನೆಯ ಅಡುಗೆಕೋಣೆಗೆ ಇದ್ದದ್ದು ಅಂಗೈಯಗಲದ ಒಂದು ಕಿಟಕಿ. ಸಾಮಾನು ಇಳಿಸಲು ಬಂದ ಹುಡುಗರು ಬಿಸಿಲಲ್ಲಿ ಬೆವರಿ ಸುಸ್ತಾಗಿದ್ದರು; ಅವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವವಳಲ್ಲ ಆಯಿ. ಕೈಗೆ ಸಿಕ್ಕ ಡಬ್ಬಿಯಿಂದ ಹಿಟ್ಟು ತೆಗೆದು, ನಾದಿ, ರೊಟ್ಟಿ ಬಡಿಯುತ್ತಲೇ ಹೋದಳು. ಖಾರ, ಉಳ್ಳಾಗಡ್ಡಿ, ಬಿಸಿ ರೊಟ್ಟಿ. ಹುಡುಗರು ನಾಚದೆ ಉಂಡರು, ನಾವೂ ಉಂಡೆವು. ಎಲ್ಲ ಮುಗಿದ ಮೇಲೆ ಡಬ್ಬಿಗಳನ್ನು ಒಪ್ಪವಾಗಿಡಲು ಹೋದ ಆಯಿ ಇನ್ನೊಂದು ಡಬ್ಬಿಗೆ ಕೈ ಹಾಕಿದವಳು ಹಾಗೇ ನಿಂತಳು. ಅದು ತುಂಬಿತ್ತು. ಅದು ನಮ್ಮ ಮನೆಯ ಹಿಟ್ಟು. ಖಾಲಿಯಾದದ್ದು ದೇವರದು. ಎರಡೂ ಒಂದೇ ಥರದ ಎಣ್ಣೆ ಡಬ್ಬಿಗಳು. ಕಣ್ಣಿಗೆ ಪೊರೆ ಬಂದಿದ್ದ ಆಯಿ ಅವನ್ನು ಗುರುತಿಸುತ್ತಿದ್ದದ್ದು ಇಟ್ಟ ಜಾಗದಿಂದ: ಗೋಡೆಯ ಗೂಡಿನಲ್ಲಿದ್ದದ್ದು ದೇವರದು, ನೆಲದ ಮೇಲಿದ್ದದ್ದು ನಮ್ಮದು. ಈ ಮನೆಯಲ್ಲಿ ಗೂಡೇ ಇರಲಿಲ್ಲ.

ಆಯಿ ಗೋಣಿಚೀಲದ ಮೇಲೆ ಕುಸಿದು ಕೂತಳು. ಅವಳ ಮುಖ ಅಷ್ಟು ಬಿಳಚಿದ್ದನ್ನು ನಾನು ಕಂಡದ್ದೇ ಇಲ್ಲ. "ದೇವ್ರ ಪಾಲು ತಿಂದು ಕುಂತೇವಲ್ಲೋ ಯಪ್ಪಾ" ಎಂದಳು. ನನಗೆ ಅಳು ತಡೆಯಲಾಗಲಿಲ್ಲ. "ಇನ್ನ ಅವ್ವ ಬರೂದಿಲ್ಲೇನು?" ಎಂದು ಕೇಳಿಯೇಬಿಟ್ಟೆ.

ಅಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಒಳ್ಳೆಯ ಉಪದೇಶವನ್ನೇ ಕೊಡಬಹುದಿತ್ತು, ಕೊಡಲಿಲ್ಲ. "ಅವ್ವಾ, ಒಜ್ಜೆ ಹೊತ್ತವ್ರು ಉಂಡ್ರು. ದೇವ್ರು ಅದಕ್ಯಾಕ ಸಿಟ್ಟಾಗ್ತಾನ?" ಎಂದಷ್ಟೇ ಆಯಿಗೆ ಹೇಳಿದ. ಆಯಿ ನನ್ನನ್ನು ಎಳೆದು ತೊಡೆಯ ಮೇಲೆ ಕೂಡಿಸಿಕೊಂಡು, ಹಿಟ್ಟಿನ ಕೈಯಿಂದಲೇ ನನ್ನ ಕಣ್ಣು ಒರೆಸಿದಳು. "ಎರಡ ಹಿಡಿ ಹಾಕಿ ನಾ ಅವನ್ನ ಕಟ್ಟಿಹಾಕಾಕ ನೋಡಿದ್ನೆವ್ವಾ. ಅವ ಮಾತ ಕೊಟ್ಟಾಗ ನನ್ನ ಹಿಟ್ಟ ಕೇಳಿದ್ನೇನು? ಕೇಳಲಿಲ್ಲ. ಸುಮ್ಮನ ಕೊಟ್ಟ. ಅವನ ಮಾತಿನ ಮ್ಯಾಲ ನನಗೇ ನೆಚ್ಚಿಗಿ ಇರಲಿಲ್ಲ."

ಮರುದಿನ ಹೊಸ ಚರ್ಚಿನ ಸಭೆಯ ಮುಂದೆ ನಮ್ಮ ಮೊದಲ ಭಾನುವಾರ. ನಮ್ಮ ಡಬ್ಬಿಯಿಂದ ಚೀಲ ತುಂಬೋಣ, ಯಾರಿಗೆ ಗೊತ್ತಾಗುತ್ತದೆ ಎಂದೆ. "ನನಗ ಗೊತ್ತಾಗ್ತದಲ್ಲ" ಎಂದು ಆಯಿ ಗದರಿದಳು. ಹೆಂಗಸರ ಸಾಲಿನಲ್ಲಿ ಅವಳೂ ನಡೆದಳು. ಹೊಸ ಪಾದ್ರಿಯ ತಾಯಿ ಏನು ತಂದಿದ್ದಾಳೆಂದು ಎಲ್ಲರ ಕಣ್ಣು ಅವಳ ಮೇಲೆಯೇ. ಅವಳು ಖಾಲಿ ಚೀಲವನ್ನು ಬುಟ್ಟಿಯ ಮೇಲೆ ತಿರುವಿ, ಝಾಡಿಸಿ, ತಲೆಯೆತ್ತಿಕೊಂಡು ವಾಪಸ್ ಬಂದು ಕೂತಳು. ಅಬ್ಬಾ, ನನಗಂತೂ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು! ಪಕ್ಕದ ಮನೆಯ ಖುರ್ಷೀದ್‌ಬೀ ಸಂಜೆ ಅವ್ವನ ಸುದ್ದಿ ಕೇಳಿ ದಾಲ್ಚಾ ಸಾರು ತಂದುಕೊಟ್ಟು, "ಫಿಕರ್ ಮಾಡಬ್ಯಾಡ್ರಿ ಆಯೀ, ಸೊಸಿ ಬರ್ತಾಳ್ರಿ" ಎಂದಾಗ ಆಯಿ, "ಹೌದ್ರೆವ್ವಾ, ಬರ್ತಾಳ" ಎಂದಳು. ಆ ದನಿ ಮೊದಲಿನಷ್ಟು ಜೋರಾಗಿರಲಿಲ್ಲ, ಆದರೆ ನನಗೆ ಅದರ ಮೇಲೆ ಹೆಚ್ಚು ಭರವಸೆ ಬಂತು. ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ.

ಮಳೆಗಾಲದ ಮೊದಲ ಮೋಡಗಳು ಕಾಣಿಸಿಕೊಂಡ ಒಂದು ಮಧ್ಯಾಹ್ನ, ಬಸ್‌ಸ್ಟ್ಯಾಂಡಿನಿಂದ ಬಂದ ಆಟೋ ಮನೆಮುಂದೆ ನಿಂತಿತು. ಅಪ್ಪನ ತೋಳು ಹಿಡಿದು ಅವ್ವ ಇಳಿದಳು. ಆಪರೇಷನ್ ಆಗಿ ಸೊರಗಿ ಅರ್ಧವಾಗಿದ್ದಳು. ಯಾರ ಮನೆಗೋ ಬಂದವಳ ಹಾಗೆ ಬಾಗಿಲ ಹೊರಗೇ ನಿಂತು, "ಇದೇ ಏನ್ರಿ ನಮ್ಮನಿ?" ಎಂದು ಕೇಳಿದಳು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದ ಆಯಿ ಓಡಿಹೋಗಿ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅತ್ತಳು. "ಇಷ್ಟ ತಡಾ ಮಾಡೂದೇನು?" ಎಂದು ಬೈದಳು. ಬೈದದ್ದು ಸೊಸೆಗೋ ದೇವರಿಗೋ ಯಾರಿಗೂ ತಿಳಿಯಲಿಲ್ಲ. ನಾನು ಅವ್ವನ ಸೆರಗು ಹಿಡಿದವಳು ಸಂಜೆಯ ತನಕ ಬಿಡಲಿಲ್ಲ.

ಆಯಿ ಹೋಗಿ ಎಷ್ಟೋ ಕಾಲವಾಯಿತು, ಅಪ್ಪನೂ ಹೋದ. ಹುಮನಾಬಾದಿನ ಆ ಮನೆ ಕೆಡವಿದ ಜಾಗದಲ್ಲಿ ಈಗ ಅಂಗಡಿಗಳ ಸಾಲು. ಬಸವಕಲ್ಯಾಣದ ಮನೆಯೂ ಇಲ್ಲ. ಇನ್ನೂ ಬರೆಯಬೇಕೆಂದಿದ್ದೆ, ಆದರೆ ಒಳಗಿನಿಂದ ಅವ್ವ ಆಗಲೇ ಎರಡು ಸಲ ಕೂಗಿದ್ದಾಳೆ, ಚಹಾ ಆರಿಹೋಗುತ್ತಿದೆಯಂತೆ.