ನೇಮಣ್ಣ ಕೀಳಲು ಬಿಡದ ಹಿತ್ತಾಳೆ ಪಟ್ಟಿ

ಸುಳ್ಳು.
ಅಪ್ಪಟ ಸುಳ್ಳು ಎಂದುಕೊಂಡೇ ಕಾಗವಾಡಕ್ಕೆ ಫೋನ್ ಹಚ್ಚಿದೆ...
ಎತ್ತಿದ್ದು ಅವನ ಹೆಂಡತಿ, ನಮ್ಮ ವೈನಿ.
ಅವರ ಧ್ವನಿ ಕೇಳಿದ ಮೇಲೆ ಸುದ್ದಿ ಸುಳ್ಳೋ ನಿಜವೋ ಎಂದು ಕೇಳುವುದೇನೂ ಉಳಿಯಲಿಲ್ಲ.

ನಮ್ಮ ನೇಮಣ್ಣ ಹೋದ.

ಫ್ರೆಂಡ್ಸ್, ನಿಮ್ಮಲ್ಲಿ ಬಹಳ ಜನಕ್ಕೆ ಅವನು ಗೊತ್ತಿಲ್ಲ.
ಚಿಕ್ಕೋಡಿ ಕಾಲೇಜಿನಲ್ಲಿ ನನ್ನ ಬೆಂಚಿನವನು. ಮನೆತನದ್ದು ದ್ರಾಕ್ಷಿ ತೋಟ. ಅವನದು ಮಾತ್ರ ಸ್ಕೇಲ್ ಮಾಡೆಲ್ ಹುಚ್ಚು.
ನಮಗೆಲ್ಲ ಸ್ಕೇಲ್ ಅಂದರೆ ಮಾಸ್ತರರು ಬೆರಳಿನ ಗಂಟಿಗೆ ಬಾರಿಸುವ ಸಾಧನ. ಅವನಿಗೆ ಅದೇ ಜಗತ್ತನ್ನು ಟೇಬಲ್ ಮೇಲೆ ಇಳಿಸುವ ಮಂತ್ರ!

ತೊಂಬತ್ತರ ದಶಕದ ಶುರುವಿನ ಮಾತು.
ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಸೈಕಲ್ ಕಡ್ಡಿ ಬಗ್ಗಿಸಿ, ರಾಯಬಾಗ ಸ್ಟೇಷನ್ನಿಗೆ ಬರುವ ಉಗಿ ಇಂಜಿನ್ನನ್ನು ಮೊಳದುದ್ದಕ್ಕೆ ಇಳಿಸಿದ್ದ.
ಕೆಳಗೆ ಸಾಗವಾನಿ ಪೀಠ.
ಬಾಕಿ ಒಂದೇ... ನೇಮಣ್ಣನಿಗೆ ನೇಮ್‌ಪ್ಲೇಟ್!

ಆಗ ನಮ್ಮ ಕಡೆ ಲೋಹದ ಮೇಲೆ ಹೆಸರು ಕೆತ್ತುವವರೆಂದರೆ ಪಾತ್ರೆ ಮಾರುವ ಭಾಂಡೆ ಅಂಗಡಿಯವರೇ. ಮದುವೆಗೆ ಕೊಡುವ ಹಂಡೆಯಾಗಲಿ, ತೀರಿಹೋದವರ ನೆನಪಿಗೆ ಬಸದಿಗೆ ಕೊಡುವ ಕೊಪ್ಪರಿಗೆಯಾಗಲಿ, ಕೆತ್ತುವ ಕೈ ಒಂದೇ.
ಹಾಗಾಗಿ ಹಿತ್ತಾಳೆ ಪಟ್ಟಿ ಹಿಡಿದು ಇಬ್ಬರೂ ನಿಪ್ಪಾಣಿಗೆ ಹೋದೆವು, ಶಂಕರ ಮಾಮಾನ ಅಂಗಡಿಗೆ.

"ಯಾರ ಹೆಸರ್ರಿ?"
"ರಾಯಬಾಗ ಇಂಜಿನ್ ಅಂತ ಹಾಕ್ರಿ ಮಾಮಾ."
"ಅಡ್ಡಹೆಸರ?"
"ಅಡ್ಡಹೆಸರ ಇಲ್ಲರಿ."
"ಇದ್ದಾರೋ, ಹೋಗ್ಯಾರೋ?"
ಅದೇ ಹೊತ್ತಿಗೆ ಉಗಿ ಇಂಜಿನ್ ನಿಲ್ಲಿಸುತ್ತಾರೆಂಬ ಸುದ್ದಿ ಎಲ್ಲೆಡೆ ಹಬ್ಬಿತ್ತು. ನೇಮಣ್ಣ ನಿಟ್ಟುಸಿರು ಬಿಟ್ಟ.
"ಇನ್ನೇನ ಹೋದಂಗ ಐತ್ರಿ ಮಾಮಾ... ಇವತ್ತ ಇಲ್ಲಾ ನಾಳೆ."
ಮಾಮಾ ನೇಮಣ್ಣನ ಹೆಸರು, ಊರು ಬರೆದುಕೊಂಡ. ಮಷಿನ್ ಗುರ್ ಎಂದಿತು.

ಚಹಾ ಕುಡಿದು ಬಂದು ನೋಡಿದರೆ...
"ಕೈಲಾಸವಾಸಿ ರಾಯಬಾಗ ಇಂಜಿನ್ ಇವರ ಸ್ಮರಣಾರ್ಥ. ನೇಮಣ್ಣ, ಕಾಗವಾಡ."

ನಾನು ನಕ್ಕು ನಕ್ಕು ಕೊಪ್ಪರಿಗೆಗಳ ಮೇಲೆ ಬಿದ್ದೆ.
"ಬ್ಯಾರೆ ಮಾಡ್ಸೋಣ ನಡಿಯಲೇ" ಎಂದೆ.
ಮಾಮಾ ಪಟ್ಟಿಯನ್ನು ಧೋತರದ ಚುಂಗಿನಿಂದ ಒರೆಸುತ್ತ ನಿಂತಿದ್ದ. ನೇಮಣ್ಣ ಅವನ ಮುಖ ನೋಡಿದ, ಪಟ್ಟಿ ನೋಡಿದ.
"ಬ್ಯಾಡ. ಆ ಇಂಜಿನ್ ಸಲುವಾಗಿ ಅಳೂ ಮಂದಿ ಯಾರದಾರ? ಮಾಮಾ ಒಬ್ಬಾಂವರ ಮರ್ಯಾದಿ ಕೊಟ್ಟಾನ. ಇದ ಇರ್ಲಿ."

ಲೇ ನೇಮಣ್ಣಾ...
ಆ ಪಟ್ಟಿಗಾಗಿ ನೀನು ಚಿಕ್ಕೋಡಿಯಲ್ಲಿ ಮಾಡಿದ ರಂಪ ಮರೆಯುತ್ತೇನೆಯೇ?
ಕಾಲೇಜಿನ ಪ್ರದರ್ಶನದಲ್ಲಿ ನಿನ್ನ ಇಂಜಿನ್ ಎಲ್ಲರ ಕಣ್ಣಿಗೂ ಬಿತ್ತು. ಹಾಲ್‌ನ ಶೋಕೇಸಿನಲ್ಲಿ ಕಾಯಂ ಇಡುತ್ತೇವೆ ಎಂದರು ಕಾಲೇಜಿನವರು. ನಿನ್ನ ಜನ್ಮದ ಆಸೆಯೇ ಅದು.
ಆದರೆ ಶೋಕೇಸು ದಾನ ಕೊಟ್ಟ ಸಾಹೇಬರ ಕಡೆಯವನು ಸ್ಕ್ರೂಡ್ರೈವರ್ ಹಿಡಿದೇ ಬಂದಿದ್ದ.
"ಈ ಪಟ್ಟಿ ಅಪಶಕುನ. ಸಾಹೇಬರ ಹೆಸರಿಂದ ಹೊಸಾದ್ ಹಾಕೂಣು. ನಿಮ್ಮ ಹೆಸರ ಹಿಂದಿನ ಬಾಜೂಕ ಬರಸ್ರಿ."
ನೀನೆಂದೆ: "ಗಾಜು ಸಾಹೇಬರದು, ಗಾಜಿನ ಮ್ಯಾಲ ಹಾಕ್ರಿ ಅವರ ಹೆಸರ. ಇಂಜಿನ್ ಮಾಡಿದಾಂವ ನಾ."
"ಮತ್ತ ಶೋಕೇಸ್ ಸಿಗೂದಿಲ್ಲ ನೋಡ್ರಿ!"
"ರೈಲಿನ ಇಂಜಿನ್ರೀ ಇದು. ಕಪಾಟ ಬ್ಯಾಡ, ಹಳಿ ಇದ್ರ ಸಾಕು."

ಸಾಹೇಬರದು ಹಿತ್ತಾಳೆ ಕಿವಿ, ನಿನ್ನದು ಹಿತ್ತಾಳೆ ಪಟ್ಟಿ... ರಾಜಿಯಾಗುವುದೆಂತು?
ಇಂಜಿನ್ನನ್ನು ಕೂಸಿನಂತೆ ಎತ್ತಿಕೊಂಡು ನೀನು ಬಸ್ ಹತ್ತಿದೆ, ನಿನ್ನ ಹಿಂದೆ ನಾನು.
ಕಂಡಕ್ಟರ್ ಪಟ್ಟಿ ಓದಿ, "ಅಯ್ಯ ಪಾಪ, ಯಾವಾಗ ಹೋದರ್ರಿ?" ಎಂದು ಮುಂದಿನ ಸೀಟೇ ಬಿಡಿಸಿಕೊಟ್ಟ.
ನಾನು ನಕ್ಕೆ. ನೀನು ನಗಲಿಲ್ಲ. ಕಾಗವಾಡದವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದೆ.
ಆ ಶೋಕೇಸು ನಿನಗೆ ಎಷ್ಟು ಬೇಕಾಗಿತ್ತು ಎಂದು ನನಗೆ ಅರ್ಥವಾದದ್ದು ಅಂದು.

ಸೋತನೇ? ಛೆ!
ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡು ಸೀಸನ್ ಮುಗಿದ ಮೇಲೆ ಖಾಲಿ ಬಿದ್ದಿರುತ್ತಿತ್ತಲ್ಲ... ಅದರ ಬಲೆಯ ಅಟ್ಟಗಳ ಮೇಲೆ ಹಲಗೆ ಹಾಸಿ ಇಂಜಿನ್ ಇಟ್ಟ. ಮರುವರ್ಷ ಪಕ್ಕದಲ್ಲಿ ಕಬ್ಬಿನ ಗಾಣ ಬಂತು. ಆಮೇಲೆ ಅಂಕಲಿಯ ಹೊಳೆಯ ನಾವೆ.
ದ್ರಾಕ್ಷಿ ಕೊಳ್ಳಲು ಬಂದವರು ಮೊದಲು ಶೆಡ್ ನೋಡಿ ಬಾಯಿ ತೆರೆದು, ಆಮೇಲೆ ರೇಟು ಮಾತಾಡುತ್ತಿದ್ದರು.
ಶೋಕೇಸು ತಪ್ಪಿದ ಆ ದಿನದಿಂದ ಪದ್ಧತಿಯೂ ಬದಲಾಯಿತು. ಮೊದಲು ನಿಪ್ಪಾಣಿಗೆ ಹೋಗಿ ಪಟ್ಟಿ. ಅದನ್ನು ಪೀಠಕ್ಕೆ ಸ್ಕ್ರೂ ಅಲ್ಲ, ರಿವೆಟ್ ಹೊಡೆದ ಮೇಲೆಯೇ ಮಾಡೆಲ್‌ನ ಕೆಲಸ.
ಜಗತ್ತೆಲ್ಲ ಮನೆ ಕಟ್ಟಿ ಹೆಸರಿಟ್ಟರೆ, ಇವನು ಹೆಸರಿಟ್ಟು ಮನೆ ಕಟ್ಟಿದ.

ಸಾವು ಎಂಬ ಸಾಹೇಬನೂ ಇಂದು ಸ್ಕ್ರೂಡ್ರೈವರ್ ಹಿಡಿದು ಬಂದಿದ್ದಾನೆ...
ನೋಡೋಣ, ಏನು ಕೀಳುತ್ತಾನೋ!

ಇದು ಬರೀ ನನ್ನ ಜಂಬದ ಮಾತಲ್ಲ ಫ್ರೆಂಡ್ಸ್.
ಫೋನಿನಲ್ಲಿ ವೈನಿ ಹೇಳಿದ್ದು ಕೇಳಿ.
ಮುಂಜಾನೆ ದುಃಖದಲ್ಲಿ ಮಾತಾಡಿಸಲು ಬಂದವರಲ್ಲಿ ಆ ಸಾಹೇಬರ ಕಡೆಯವರೂ ಇದ್ದರಂತೆ. ಹೊಸ ಹಾಲ್ ಕಟ್ಟಿಸಿದ್ದಾರಂತೆ. ಎಲ್ಲ ಮಾಡೆಲ್ ಅಲ್ಲಿ ಇಡೋಣ, ಪಟ್ಟಿ ಮಾತ್ರ ಒಂದೇ ನಮೂನಿ ಹೊಸದು ಮಾಡಿಸೋಣ ಎಂದರಂತೆ...
ಇನ್ನೂ ಹೆಣ ಎತ್ತಿರಲಿಲ್ಲ.

"ನೀವೇನಂದ್ರಿ ವೈನಿ?"

"ಏನಂತೀನಿ? ಮಾತಾಡ್ಸಾಕ ಬಂದೀರಿ, ಮಾತಾಡ್ಸಿ ಹೋಗ್ರಿ ಅಂದೆ. ನಾಳಿಂದ ಶೆಡ್ಡಿನ ಬಾಗಲಾ ತೆರದಿರತೈತಿ. ನೋಡಾಕ ಊರಿಗೆ ಊರ ಬರ್ಲಿ. ಸಾಹೇಬ್ರೂ ಬರ್ಲಿ, ಚಪ್ಪಲಿ ಹೊರಗ ಬಿಟ್ಟ ಬರ್ಲಿ ಅಂದೆ."

ಹೋಗಿ ಬಾ ಗೆಳೆಯಾ...
ನಿನ್ನ ಜೀವ ಎಲ್ಲೇ ಇಳಿಯಲಿ, ಅಲ್ಲಿ ತಣ್ಣಗಿರಲಿ.
ಇಲ್ಲಿಯ ಜಗಳ ನಮಗೆ ಬಿಡು. ನಾವಿದ್ದೇವೆ. 🙏